ವಿಧೇಯಕ ದಫ್ತರು, ನಾಲ್ಕನೇ ಕಂತು: ಉದುರಿ ಹೋಗುತ್ತಿದ್ದ ಗೀಟು

ಗೀಟು ಸಿಕ್ಕಿತು. ಗೀಟು ಅಂದರೆ ರೋಮನ್ ಅಂಕಿಯ ಐ. ಮಹಾರಾಷ್ಟ್ರ ವಿಧಾನಮಂಡಲದ ವಿಧೇಯಕಗಳನ್ನು ಕನ್ನಡದಲ್ಲಿ ದಾಖಲಿಸುವ ಈ ಕೆಲಸದಲ್ಲಿ ಮೊದಲ ಕಂತಿನಿಂದಲೂ ಪಟ್ಟು ಬಿಡದೆ ಕಾಡಿದ ತಪ್ಪು ಒಂದೇ: 33ನೇ ವಿಧೇಯಕ 32 ಅಂತ ಬಂದು ಕೂರುತ್ತಿತ್ತು, 8 ಇದ್ದದ್ದು 7 ಆಗುತ್ತಿತ್ತು. ಈಗ ಹಾಗಾಗುತ್ತಿಲ್ಲ.

ಪುಟ ಇಳಿಸುವುದು, ಕತ್ತರಿಸುವುದು, ಎಸ್‌ಕ್ಯೂಲೈಟ್ ಎಂಬ ದತ್ತಸಂಚಯಕ್ಕೆ ತುಂಬುವುದು ಎಲ್ಲ ಹಿಂದಿನ ಕಂತುಗಳಂತೆಯೇ. ಸಮಸ್ಯೆ ಇದ್ದದ್ದು ಸಂಖ್ಯೆಯಲ್ಲಿ. ಇಲ್ಲಿ ವಿಧಾನಸಭೆಯ ವಿಧೇಯಕಗಳಿಗೆ ಒಂದು ಸಾಲು ಸಂಖ್ಯೆ, ಪರಿಷತ್ತಿನವಕ್ಕೆ ಇನ್ನೊಂದು; ಪ್ರತಿ ವರ್ಷ ಮತ್ತೆ ಒಂದರಿಂದ ಶುರು. ಹಾಗಾಗಿ ಒಂದು ವಿಧೇಯಕವನ್ನು ಗುರುತಿಸಲು ಸದನ, ವರ್ಷ, ಸಂಖ್ಯೆ ಮೂರೂ ಬೇಕು. ಸಂಖ್ಯೆ ಒಂದು ಹೆಚ್ಚುಕಡಿಮೆಯಾದರೆ ಮಂಡನೆಯ ದಿನಾಂಕ ಒಂದು ವಿಧೇಯಕಕ್ಕೂ ಸಮಿತಿಗೆ ಒಪ್ಪಿಸಿದ ದಿನಾಂಕ ಪಕ್ಕದ ವಿಧೇಯಕಕ್ಕೂ ಅಂಟಿಕೊಳ್ಳುತ್ತದೆ. ದಫ್ತರು ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಒಳಗಿನ ಮಾಹಿತಿ ಮಾತ್ರ ಸುಳ್ಳು.

ಇಂಗ್ಲಿಷ್ ಪ್ರತಿಯಲ್ಲಿ ಸಂಖ್ಯೆ ರೋಮನ್ ಅಂಕಿಯಲ್ಲಿರುತ್ತದೆ, ಮರಾಠಿ ಪ್ರತಿಯಲ್ಲಿ ದೇವನಾಗರಿಯಲ್ಲಿ. ರೋಮನ್ 33 ಅಂದರೆ ಮೂರು ಎಕ್ಸ್, ಮೂರು ಐ. ಚಿತ್ರದಿಂದ ಅಕ್ಷರ ಓದುವ (ಓಸಿಆರ್) ತಂತ್ರಾಂಶ ಟೆಸರಾಕ್ಟ್ ಅದರಲ್ಲಿ ಒಂದು ಐ ನುಂಗುತ್ತಿತ್ತು. ಮೊದಲು ಹಾಕಿದ್ದು ಎಲ್ಲರೂ ಹಾಕುವ ಪರೀಕ್ಷೆಯೇ: ರೋಮನ್‌ನಿಂದ ಸಾಮಾನ್ಯ ಅಂಕಿಗೆ ತಂದು, ಮತ್ತೆ ರೋಮನ್‌ಗೆ ತಿರುಗಿಸಿ, ಎರಡೂ ಒಂದೇ ಇದೆಯಾ ನೋಡುವುದು. ಐ ಜಾಗದಲ್ಲಿ ಎಚ್ ಬಂದಿದ್ದರೆ, ಸಣ್ಣ ಎಲ್ ಬಂದಿದ್ದರೆ ಇದು ಹಿಡಿಯುತ್ತದೆ. ಗೀಟು ಉದುರಿದ್ದನ್ನು ಹಿಡಿಯುವುದಿಲ್ಲ, ಯಾಕೆಂದರೆ 32 ಕೂಡ ಸರಿಯಾದ ರೋಮನ್ ಸಂಖ್ಯೆಯೇ. 9ರಿಂದ ಐ ಉದುರಿದರೆ 10, 4ರಿಂದ ಉದುರಿದರೆ 5. ಎಲ್ಲವೂ ಪಾಸು.

ಮರಾಠಿ ಪ್ರತಿಯನ್ನು ಸಾಕ್ಷಿಗೆ ಕರೆಯೋಣ ಅಂದರೆ ಅಲ್ಲೂ ಎರಡು ತೊಡಕು. ಹಳೆಯ ಕಡತಗಳು ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ಹಳೆಯ ನುಡಿ ಕಡತವನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಆ ಅಕ್ಷರಸಂತೆ ಗೊತ್ತೇ ಇದೆ. ಹಾಗಾಗಿ ಪಠ್ಯ ನಕಲು ಮಾಡದೆ ಪುಟವನ್ನು ಚಿತ್ರವಾಗಿಯೇ ಓದಿಸಬೇಕು. ಇನ್ನೊಂದು, ದೇವನಾಗರಿಯ 1 ನೋಡಲು ಇಂಗ್ಲಿಷಿನ 9ರ ಹಾಗೆಯೇ ಇದೆ. ಟೆಸರಾಕ್ಟ್‌ಗೆ ಓದುವ ಭಾಷೆಯಾಗಿ ಮರಾಠಿ, ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಕೊಟ್ಟರೆ 11 ಹೋಗಿ 99 ಬರುತ್ತದೆ. ಸಂಖ್ಯೆ ಇರುವ ಸಾಲನ್ನಷ್ಟೇ ಕತ್ತರಿಸಿ, ಮರಾಠಿ ಒಂದನ್ನೇ ಕೊಟ್ಟು, ದೇವನಾಗರಿಯ ಹತ್ತು ಅಂಕಿಗಳನ್ನು ಮಾತ್ರ ಓದಲು ಬಿಡಿ. ಅಕ್ಷರ ನಿರ್ಬಂಧದ ಈ ಸೌಲಭ್ಯ ಟೆಸರಾಕ್ಟ್‌ನ ಹೊಸ ಎಂಜಿನ್ನಿನಲ್ಲಿ 4.1ನೇ ಆವೃತ್ತಿಯಿಂದ ಕೆಲಸ ಮಾಡುತ್ತದೆ.

ಅಸಲು ಗಂಟು ಇದಾದ ಮೇಲೆ. ಇಂಗ್ಲಿಷ್ ಪ್ರತಿಗೆ ಮರಾಠಿ ಪ್ರತಿಯನ್ನು ಜೋಡಿಸಲು ಬೇಕಾದದ್ದು ಸಂಖ್ಯೆ. ಅನುಮಾನ ಇರುವುದೂ ಅದೇ ಸಂಖ್ಯೆಯ ಮೇಲೆ. ದಾರಿ ಸಿಕ್ಕಿದ್ದು ಪುಟದ ಅಂಚಿನಲ್ಲಿ. ತಿದ್ದುಪಡಿ ವಿಧೇಯಕಗಳಲ್ಲಿ ಮೂಲ ಅಧಿನಿಯಮದ ಸಂಖ್ಯೆ, ವರ್ಷ ಅಂಚಿನಲ್ಲಿ ಅಚ್ಚಾಗಿರುತ್ತದೆ. ಸಹಕಾರಿ ಸಂಘಗಳ ಅಧಿನಿಯಮ, 1960 ಅಂದರೆ 1961ರ ಮಹಾ. (ಮಹಾರಾಷ್ಟ್ರ ಅಧಿನಿಯಮ) 24. ಬಾಡಿಗೆ ನಿಯಂತ್ರಣ ಅಧಿನಿಯಮ, 1999 ಅಂದರೆ 2000ದ ಮಹಾ. 18. ಮುಂಬಯಿಯ ಹೋಟೆಲಿನವರು ನಿತ್ಯ ಮುಖ ನೋಡುವ ಅಂಗಡಿ-ಸಂಸ್ಥೆಗಳ ಅಧಿನಿಯಮ 2017ರ ಮಹಾ. 61. ಹೆಸರಿನ ವರ್ಷ ಬೇರೆ, ಸಂಖ್ಯೆಯ ವರ್ಷ ಬೇರೆ ಇರಬಹುದು. ಇವನ್ನು ಎರಡು ಕಾಲಮ್ಮಿನಲ್ಲೇ ಇಡಿ. ಮೂಲ ಅಧಿನಿಯಮ, ಮಂಡನೆಯ ದಿನ, ಖಂಡಗಳ ಒಟ್ಟು ಲೆಕ್ಕ, ಈ ಮೂರು ಸೇರಿದರೆ ವಿಧೇಯಕದ ಸಂಖ್ಯೆಯನ್ನು ಮುಟ್ಟದೆಯೇ ಎರಡು ಪ್ರತಿ ಜೋಡಿಯಾಗುತ್ತವೆ.

ಅಂಚಿನಿಂದ ಇನ್ನೊಂದು ಲಾಭ. ಅಲ್ಲಿರುವ ರೋಮನ್ ಸಂಖ್ಯೆಯ ಉತ್ತರ ಮೊದಲೇ ಗೊತ್ತು. ಅದನ್ನು ಓದಿಸಿ ನೋಡಿದರೆ ಯಂತ್ರ ಎಲ್ಲಿ ಎಡವುತ್ತಿದೆ ಎಂಬುದು ಕಾಣುತ್ತದೆ. ಕಂಡದ್ದು ಇಷ್ಟು: ಐ ಅಕ್ಷರದ ತಲೆ, ಬುಡಗಳಲ್ಲಿರುವ ಅಡ್ಡಗೀಟುಗಳು ಪಕ್ಕದ ಐಗೆ ತಾಗುತ್ತವೆ. ಮೂರು ಐ ಸೇರಿ ಒಂದೇ ಮುದ್ದೆ. ಹಾಗಾದರೆ ಅಕ್ಷರ ಓದಿಸುವುದೇ ಬೇಡ, ಗೀಟು ಎಣಿಸಿದರೆ ಸಾಕು.

ಅಕ್ಷರದ ಎತ್ತರದಲ್ಲಿ ಮೇಲಿಂದ ಕಾಲು ಭಾಗಕ್ಕೆ ಒಂದು, ನಟ್ಟನಡುವೆ ಒಂದು, ಹೀಗೆ ಎರಡು ಅಡ್ಡ ಪಟ್ಟಿ ತೆಗೆದುಕೊಂಡು ಪ್ರತಿಯೊಂದರಲ್ಲೂ ಕಪ್ಪು ತುಂಡು ಎಷ್ಟು ಅಂತ ಎಣಿಸಿ. ಐ ಎರಡೂ ಕಡೆ ಒಂದೊಂದು ಕೊಡುತ್ತದೆ. ಎಕ್ಸ್ ಮೇಲೆ ಎರಡು, ನಡುವೆ ಒಂದು. ವಿ ಎರಡೂ ಕಡೆ ಎರಡೆರಡು. ಎಲ್ ಒಂದೊಂದು. ಅಲ್ಲಿಗೆ 33ಕ್ಕೆ ಮೇಲೆ 9, ನಡುವೆ 6 ಬರಬೇಕು; ಗೀಟು ಉದುರಿದ 32ಕ್ಕೆ 8, 5. ಸಹಕಾರಿ ಅಧಿನಿಯಮದ 24ಕ್ಕೆ 7, 5. ಬಾಡಿಗೆಯ 18ಕ್ಕೆ 7, 6. ಅಂಗಡಿಯ 61ಕ್ಕೆ 4, 3. ಈ ಮೂರೂ ಸರಿ ಬಂದ ಮೇಲೆಯೇ ತಲೆಬರಹದ ಸಂಖ್ಯೆಗೆ ಕೈ ಹಾಕಿ. ಓಸಿಆರ್ ಹೇಳಿದ ಸಂಖ್ಯೆಗೂ ಈ ಎಣಿಕೆಗೂ ತಾಳೆಯಾಗದಿದ್ದರೆ ಆ ಸಾಲು ಕೆಂಪು ಪಟ್ಟಿಗೆ ಹೋಗಲಿ, ಮನುಷ್ಯರ ಕಣ್ಣು ನೋಡಲಿ. ಎಲ್‌ಗೂ ಐಗೂ ಎಣಿಕೆ ಒಂದೇ ಆದ್ದರಿಂದ ಇದು ಓಸಿಆರ್‌ಗೆ ಕಾವಲು ಅಷ್ಟೇ, ಬದಲಿ ಅಲ್ಲ.

ಪುಟ ಓರೆಯಾಗಿದ್ದರೆ ಪಟ್ಟಿ ದಾರಿ ತಪ್ಪುತ್ತದೆ. ಎರಡು ಡಿಗ್ರಿ ಓರೆ ಅಂದರೆ 20 ಮಿ.ಮೀ. ಉದ್ದಕ್ಕೆ 0.7 ಮಿ.ಮೀ. ಜಾರಿಕೆ, ಅಕ್ಷರದ ಕಾಲು ಎತ್ತರ ಅಲ್ಲಿಗೇ ಹೋಯಿತು. ಅರ್ಧ ಡಿಗ್ರಿಯೊಳಗೆ ತಂದು ಎಣಿಸಿ. ಪುಟ ತಾನೇ ಎಳೆದುಕೊಳ್ಳುವ ಸ್ಕ್ಯಾನರಿನ ಗಾಜಿನ ಮೇಲೆ ಒಂದು ಧೂಳಿನ ಕಣ ಕೂತರೂ ಪುಟದುದ್ದಕ್ಕೆ ಲಂಬ ಗೆರೆ ಬೀಳುತ್ತದೆ, ಅದು ಸಂಖ್ಯೆಯ ಮೇಲೆ ಹಾದರೆ ಇಲ್ಲದ ಐ ಹುಟ್ಟುತ್ತದೆ. ಪ್ರತಿ ಕಟ್ಟಿಗೆ ಮೊದಲು ಗಾಜು ಒರೆಸಿ.

ಸ್ಕ್ಯಾನ್ ಅಂಗಡಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೆಯ ರಾಜ್ಯಪತ್ರದ ಕಟ್ಟು ಕೊಟ್ಟು 400 ಡಿಪಿಐ (ಇಂಚಿಗೆ 400 ಚುಕ್ಕೆ), ಗ್ರೇಸ್ಕೇಲ್ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರೂ ಬಂದದ್ದು 150. ಎ4 ಪುಟದ ಅಗಲ 400ರಲ್ಲಿ 3,300 ಪಿಕ್ಸೆಲ್ ದಾಟಬೇಕು, ಬಂದದ್ದು 1,240. 150ರಲ್ಲಿ ಗೀಟುಗಳ ನಡುವಿನ ಒಂದು ಪಾಯಿಂಟ್ (ಇಂಚಿನ 72ನೇ ಒಂದು ಭಾಗ) ಅಗಲದ ಸಂದಿಗೆ ಸಿಗುವುದು ಎರಡೇ ಪಿಕ್ಸೆಲ್, ಜೆಪೆಗ್ ಅದನ್ನೂ ಕಲಸಿಬಿಡುತ್ತದೆ. ದುಡ್ಡು ಎಣಿಸುವ ಮೊದಲು ಒಂದು ಪುಟ ತೆರೆದು ಪಿಕ್ಸೆಲ್ ಅಗಲ ನೋಡಿ. ಪಿಡಿಎಫ್ ಕಡತದ ಹೆಸರಿನಲ್ಲಿ 400 ಅಂತ ಇದ್ದರೆ ನಂಬಬೇಡಿ.

ದಿನಾಂಕದ ಕಾವಲು ಇಷ್ಟು ಕಾಡಲಿಲ್ಲ. ರಾಜ್ಯಪತ್ರದ ತಲೆಯಲ್ಲಿ ವಾರ, ಇಂಗ್ಲಿಷ್ ದಿನಾಂಕ, ಶಕೆ ಮೂರೂ ಇರುತ್ತವೆ: ಗುರುವಾರ, ಜುಲೈ 11, 2024, ಆಷಾಢ 20, ಶಕೆ 1946. ಇದು ನಮ್ಮ ಯುಗಾದಿ ಪಂಚಾಂಗದ ತಿಥಿಯಲ್ಲ, 1957ರಲ್ಲಿ ಜಾರಿಯಾದ ರಾಷ್ಟ್ರೀಯ ಪಂಚಾಂಗ. ಚಂದ್ರನ ಲೆಕ್ಕ ಇಲ್ಲದ್ದರಿಂದ ಕೋಷ್ಟಕ ಸುಲಭ: ಆಷಾಢ 1 ಯಾವಾಗಲೂ ಜೂನ್ 22. ಜುಲೈ 11 ಅನ್ನು ಯಂತ್ರ 17 ಅಂತ ಓದಿದರೆ ಆಷಾಢ 26 ಆಗಬೇಕು, ವಾರ ಬುಧವಾರ ಆಗಬೇಕು. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮಾರ್ಗಶಿರಕ್ಕೆ ಅಲ್ಲಿ ಅಗ್ರಹಾಯಣ ಅಂತ ಇರುತ್ತದೆ, ಕೋಷ್ಟಕದಲ್ಲಿ ಅದೇ ಹೆಸರು ಹಾಕಿ.

ಶೀರ್ಷಿಕೆ ಕನ್ನಡಕ್ಕೆ ತರುವವರು ಒಂದು ಪದದ ಹತ್ತಿರ ನಿಲ್ಲಿ. ಮರಾಠಿಯ 'ಸುಧಾರಣಾ ವಿಧೇಯಕ' ನಮ್ಮ ಸುಧಾರಣೆ ಅಲ್ಲ, ತಿದ್ದುಪಡಿ. ಪುರಃಸ್ಥಾಪನೆ ಅಂದರೆ ಮಂಡನೆ, ವಿನಿಯೋಜನ ಅಂದರೆ ಧನವಿನಿಯೋಗ.

ಹೆಸರಿನ ಮೇಲೆ ಮಾತ್ರ ವಿಧೇಯಕ ಗುರುತಿಸಬಾರದು ಎನ್ನಲು ಮಹಾರಾಷ್ಟ್ರದ ಜನಸುರಕ್ಷಾ ವಿಧೇಯಕ ಒಂದೇ ಸಾಕು. 2024ರ ಜುಲೈಯಲ್ಲಿ ಮಂಡನೆಯಾಯಿತು, ಆ ವಿಧಾನಸಭೆಯೇ ಮುಗಿಯಿತು, ಚುನಾವಣೆಯ ನಂತರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಮತ್ತೆ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು, 2025ರ ಜುಲೈಯಲ್ಲಿ ಎರಡೂ ಸದನ ದಾಟಿತು. ಒಂದೇ ವರ್ಷ, ಒಂದೇ ಹೆಸರು, ಎರಡು ಮಂಡನೆ. ಸಂವಿಧಾನದ 196ನೇ ವಿಧಿಯ ಪ್ರಕಾರ ಅಧಿವೇಶನ ಮುಗಿದರೆ ವಿಧೇಯಕ ಸಾಯುವುದಿಲ್ಲ, ಸಭೆ ವಿಸರ್ಜನೆಯಾದರೆ ಸಭೆಯಲ್ಲಿ ಬಾಕಿ ಇದ್ದದ್ದು ಬಿದ್ದುಹೋಗುತ್ತದೆ; ಪರಿಷತ್ತಿನಲ್ಲಿದ್ದು ಸಭೆ ಇನ್ನೂ ಅಂಗೀಕರಿಸದ ವಿಧೇಯಕ ಮಾತ್ರ ಉಳಿಯುತ್ತದೆ. ಹಾಗಾಗಿ ವಿಸರ್ಜನೆಯ ದಿನವೂ ದಫ್ತರಿನಲ್ಲಿ ಒಂದು ಹಂತ. ಸದನ, ವರ್ಷ, ಸಂಖ್ಯೆ ಇರುವ ಗುರುತಿನ ಕೀಲಿಗೆ ಸಭೆಯ ಅವಧಿಯನ್ನೂ ಸೇರಿಸಿದ್ದೇವೆ. ಜಂಟಿ ಸಮಿತಿಗೆ ಒಂದು ದಿನಾಂಕ ಸಾಲದು: ಮೊದಲ ಸದನದ ಪ್ರಸ್ತಾವ, ಎರಡನೆಯದರ ಸಹಮತಿ, ವರದಿ ಒಪ್ಪಿಸಿದ ದಿನ. ಗಡುವು ಮುಂದೂಡಿದರೆ ಹಳೆಯದನ್ನು ಅಳಿಸದೆ ಕೆಳಗೆ ಹೊಸ ಸಾಲು. ಕರ್ನಾಟಕದ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವನ್ನು ಇದೇ ಅಚ್ಚಿಗೆ ಹಾಕಿ ನೋಡಿದ್ದಾಯಿತು. 2024ರ ಜುಲೈಯ ಮಂಡನೆ, ಸಮಿತಿ, 2025ರ ಮಾರ್ಚಿನ ಅಂಗೀಕಾರ, 2025ರ ಅಧಿನಿಯಮ 36, ಎಲ್ಲ ತಕರಾರಿಲ್ಲದೆ ಕೂತಿತು.

ಇಷ್ಟು ಹೊತ್ತಿಗೆ ಗೋವಾದ ಕಡೆ ಮನಸ್ಸು ಎಳೆಯುತ್ತಿದೆ. ಅಲ್ಲಿನ ವಿಧಾನಸಭೆ ಇರುವ ಪರ್ವರಿಯಲ್ಲಿ 40 ಸದಸ್ಯರ ಒಂದೇ ಸದನ, ಪರಿಷತ್ತಿಲ್ಲ, ಸಹಮತಿಯ ಕಾಲಮ್ಮೇ ಬೇಡ. ವಿಧೇಯಕದ ಸಂಖ್ಯೆ ಸಾಮಾನ್ಯ ಅಂಕಿಯಲ್ಲೇ ಇರುತ್ತದೆ, ಆದ್ದರಿಂದ ಗೀಟು ಎಣಿಸುವ ಕೆಲಸವೂ ಇಲ್ಲ. ಅಲ್ಲಿನ ರಾಜ್ಯಪತ್ರವೂ ಶಕೆ ದಿನಾಂಕ ಹಾಕುತ್ತದೆ. ಆಗಸ್ಟ್ 1, 2024ಕ್ಕೆ ಶ್ರಾವಣ 10, 1946. ಕೋಷ್ಟಕ ಹಾಗೆಯೇ ನಡೆಯುತ್ತದೆ, ತಿಂಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುವುದರಿಂದ ಹನ್ನೆರಡು ಕಾಗುಣಿತ ಹೊಸದಾಗಿ ಸೇರಿಸಬೇಕು. ಈ ವಾರ ಶುರು.