ಎರಡು ಚಿಕ್ಕ ಮಕ್ಕಳ ಮನೆಯಲ್ಲಿ ನೀವಿಬ್ಬರೇ ಹೊರಗೆ ಹೋಗೋದು ಯಾವಾಗ?

ಆಫೀಸಿನ ಗೆಳತಿಯರು ಕೇಳುತ್ತಾರೆ. ಮಗಳ ಶಾಲೆಯ ಗೇಟಿನ ಹತ್ತಿರ ಕಾಯುವ ಅಮ್ಮಂದಿರು ಕೇಳುತ್ತಾರೆ. ಹೋದ ತಿಂಗಳು ಒಂದು ಮದುವೆಮನೆಯಲ್ಲಿ ಚಿಕ್ಕಮ್ಮನ ಮಗಳು ಆರು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು: "ಐದು ವರ್ಷದವಳೊಬ್ಬಳು, ಎರಡು ವರ್ಷದವನೊಬ್ಬ. ಇಬ್ಬರನ್ನೂ ಬಿಟ್ಟು ಭಾವ ನೀನು ಇಬ್ಬರೇ ಹೊರಗೆ ಹೋಗೋದು ಅದ್ಯಾವಾಗಕ್ಕಾ?"

ಶನಿವಾರ, ಬೆಳಿಗ್ಗೆ ಆರು ಗಂಟೆಗೆ.

ಇಷ್ಟು ಹೇಳಿದರೆ ಕೇಳಿದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಗಂಡ ಹೆಂಡತಿ ಇಬ್ಬರೇ ಹೋಗುವುದೆಂದರೆ ಅದು ರಾತ್ರಿಯ ಊಟ, ಒಳ್ಳೆಯ ಸೀರೆ, ಸಿನಿಮಾ. ಅಷ್ಟಿಲ್ಲದಿದ್ದರೆ ಲೆಕ್ಕಕ್ಕೇ ಇಲ್ಲ ಎಂದು ನಾವೂ ಅಂದುಕೊಂಡಿದ್ದೆವು.

ಚಿಕ್ಕವನಿಗೆ ಎಂಟು ತಿಂಗಳಾಗಿದ್ದಾಗ ಅತ್ತೆ ತುಮಕೂರಿನಿಂದ ಬಂದಿದ್ದರು. ಅವರಿದ್ದಾರಲ್ಲ ಎನ್ನುವ ಧೈರ್ಯದಲ್ಲಿ ಸಂಜೆ 7:30ರ ನಾಟಕಕ್ಕೆ ಟಿಕೆಟ್ ತೆಗೆದೆವು. ಆರೂವರೆಗೆ ಹೊರಡಬೇಕಿತ್ತು. ಆರು ಗಂಟೆಗೇ ಮಗು ರಚ್ಚೆ ಹಿಡಿಯಿತು. ಎತ್ತಿಕೊಂಡರೆ ಹೆಗಲ ಮೇಲೆ ಹಾಲು ಕಕ್ಕಿತು, ಸೀರೆ ಬದಲಿಸಿದೆ. ತಮ್ಮ ಅಳುವುದನ್ನು ನೋಡಿ ದೊಡ್ಡವಳೂ ಶುರು ಮಾಡಿದಳು. ರಂಗಮಂದಿರ ಮುಟ್ಟಿದಾಗ 7:36. ಬಾಗಿಲು ಮುಚ್ಚಿತ್ತು. ತಡವಾಗಿ ಬಂದವರನ್ನು ಒಳಗೆ ಬಿಡಬಾರದು ಎನ್ನುವುದು ನ್ಯಾಯವೇ. ನಟರ ಎದುರು ಕತ್ತಲಲ್ಲಿ ತಡಕಾಡಿಕೊಂಡು ನಡೆಯಲು ನನಗೂ ಇಷ್ಟವಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ. ಸಿಟ್ಟಿರಲಿಲ್ಲ, ದಣಿದಿದ್ದೆವು.

ಅವತ್ತು ರಾತ್ರಿ ಇವನು, ನನ್ನ ಗಂಡ, ಒಂದು ಮಾತು ಹೇಳಿದ. "ನಾವು ಮಾತಾಡ್ತಾ ಇಲ್ಲ ಕಣೇ, ಒಬ್ಬರಿಗೊಬ್ಬರು ಚಾರ್ಜ್ ಕೊಡ್ತಾ ಇದೀವಿ." ಯೋಚಿಸಿದರೆ ನಿಜ. ಪಾಳಿ ಮುಗಿಸಿದ ನರ್ಸ್ ಮುಂದಿನವರಿಗೆ ಹೇಳಿ ಹೋಗುವಂತೆ ಇತ್ತು ನಮ್ಮ ಸಂಸಾರ: ಹಾಲು ಕುಡಿದಾಗಿದೆ, ಜ್ವರದ ಔಷಧಿ ಎಂಟಕ್ಕೆ ಕೊಟ್ಟೆ, ಗ್ಯಾಸ್ ಬುಕ್ ಮಾಡು, ನಾಳೆ ಅವಳಿಗೆ ಹಳದಿ ಬಟ್ಟೆ ಹಾಕಿ ಕಳಿಸಬೇಕಂತೆ. ತಿಂಗಳುಗಟ್ಟಲೆ ಬೇರೆ ಮಾತೇ ಇರಲಿಲ್ಲ. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಬೆಳಗಿನ ಹೊತ್ತು ಹೊಳೆದದ್ದು ಅಕಸ್ಮಾತ್ತಾಗಿ. ಒಂದು ಶನಿವಾರ ಹಾಲು ಒಡೆದುಹೋಯಿತು. ಮಕ್ಕಳಿನ್ನೂ ಮಲಗಿದ್ದರು, ಅತ್ತೆ ಎದ್ದಿದ್ದರು. "ಇಬ್ಬರೂ ಹೋಗಿ ಕಾಫಿ ಕುಡಿದುಕೊಂಡೇ ಹಾಲು ತನ್ನಿ" ಎಂದು ಕಳಿಸಿದರು. ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದಾಗ ಇಬ್ಬರೂ ಮಲಗಿದಲ್ಲೇ ಮಲಗಿದ್ದರು. ನಾವು ಹೋದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಸಂಜೆಯಾದರೆ ಮಕ್ಕಳಿಗೆ ಸುಸ್ತು, ಅಮ್ಮ ಬೇಕು, ಅಪ್ಪ ಬೇಕು. ಬೆಳಿಗ್ಗೆ ಅವರಿಗೆ ನಮ್ಮ ಅಗತ್ಯವೇ ಇಲ್ಲ. ನಮ್ಮ ಚಿಕ್ಕವನು ಏಳುವುದು ಏಳೂಕಾಲಿಗೆ, ಮಗಳು ಇನ್ನೂ ತಡ. ರಾತ್ರಿ ಹತ್ತಕ್ಕೆ ಆಕಳಿಸುವ ನಾವು ಬೆಳಿಗ್ಗೆ ಆರಕ್ಕೆ ಮನುಷ್ಯರಂತಿರುತ್ತೇವೆ. ಇನ್ನು ಬೆಂಗಳೂರು ತಿಂಡಿಯ ಊರು. ಬೇರೆ ಊರಿನಲ್ಲಿ ಬೆಳ್ಳಂಬೆಳಿಗ್ಗೆ ಎಲ್ಲಿಗೆ ಹೋಗುವುದು ಎನ್ನಬೇಕು, ಇಲ್ಲಿ ದರ್ಶಿನಿಗಳು ಹೊಗೆಯಾಡುತ್ತಿರುತ್ತವೆ. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ಈ ನಿಂತು ತಿನ್ನುವ ಹೋಟೆಲುಗಳಲ್ಲಿ ಟೇಬಲ್ ಬುಕ್ ಮಾಡುವ ಪ್ರಶ್ನೆಯಿಲ್ಲ. ಟೋಕನ್ ತಗೋ, ತಟ್ಟೆ ತಗೋ, ತಿನ್ನು. ಮನೆಯಿಂದ ಫೋನ್ ಬಂದರೆ ಎರಡೇ ನಿಮಿಷದಲ್ಲಿ ಹೊರಡಬಹುದು. ಚಿಕ್ಕ ಮಕ್ಕಳ ತಾಯಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಇನ್ನೇನು ಬೇಕು?

ನಾವು ಹೋಗುವುದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ. 1965ರಿಂದ ಇರುವ ಪುಟ್ಟ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಇವಿಷ್ಟರಲ್ಲೇ ಅವರ ಪ್ರಪಂಚ. ಸಾಂಬಾರ್ ಇಲ್ಲ, ಚಟ್ನಿ ಬೇಕಾದಷ್ಟು. ಹನುಮಂತನಗರದ ನಮ್ಮ ಮನೆಯಿಂದ ಆ ಹೊತ್ತಿನಲ್ಲಿ ಸ್ಕೂಟರಿಗೆ ಹತ್ತು ನಿಮಿಷ ಸಾಕು. ರಾಮಕೃಷ್ಣಾಶ್ರಮದ ಹತ್ತಿರ ಬರುವಷ್ಟರಲ್ಲಿ ಹೂ ಮಾರುವವರು ಮೂಟೆ ಬಿಚ್ಚುತ್ತಿರುತ್ತಾರೆ, ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತದೆ. ಸ್ಕೂಟರಿನ ಹಿಂದೆ ಮಗು ಇಲ್ಲದೆ, ಬ್ಯಾಗ್ ಇಲ್ಲದೆ, ಇವನ ಹೆಗಲ ಮೇಲೆ ಸುಮ್ಮನೆ ಕೈಯಿಟ್ಟು ಕೂತು ಹೋಗುವ ಆ ಹತ್ತು ನಿಮಿಷ ನನಗೆ ಇಡ್ಲಿಗಿಂತ ಪ್ರಿಯ.

ಅಲ್ಲಿ ನಾವು ಪಾಲಿಸುವುದು ಒಂದೇ ನಿಯಮ: ಚಾರ್ಜ್ ಕೊಡುವ ಮಾತು ಆಡಬಾರದು. ಫೀಸು, ಲಸಿಕೆ, ಕೆಲಸದವಳ ರಜೆ, ಸಾಲದ ಕಂತು ಯಾವುದೂ ಬೇಡ. ಹಾಗಂತ ಹೊರಟ ಮೊದಲ ಎರಡು ವಾರ ಇಬ್ಬರಿಗೂ ಮಾತೇ ಸಿಗಲಿಲ್ಲ. ಕಾಫಿ ಲೋಟ ಹಿಡಿದು ರಸ್ತೆ ನೋಡಿಕೊಂಡು ನಿಂತಿದ್ದೆವು. ನನಗೆ ಭಯವೇ ಆಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ, ಏಕೆಂದರೆ ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಮೂರನೇ ವಾರ ಇವನು ಕೇಸರಿಬಾತ್ ತಿನ್ನುತ್ತಾ, ಶಾಲೆಯಲ್ಲಿದ್ದಾಗ ಆಗಸ್ಟ್ 15ಕ್ಕೆ ಹಂಚುತ್ತಿದ್ದ ಲಾಡುವನ್ನು ಅರ್ಧ ತಿಂದು ಉಳಿದರ್ಧ ಜೇಬಿನಲ್ಲಿ ಅಪ್ಪನಿಗೆಂದು ತರುತ್ತಿದ್ದದ್ದನ್ನು ಹೇಳಿದ. ಏಳು ವರ್ಷದ ಮದುವೆಯಲ್ಲಿ ನಾನು ಕೇಳಿರದ ಸಂಗತಿ. ಮನೆಗೆ ಬರುವವರೆಗೂ ಅವರಪ್ಪನ ಬಗ್ಗೆಯೇ ಮಾತಾಡಿದೆವು. ಆಮೇಲೆ ಮಾತಿಗೆ ಬರ ಬಂದಿಲ್ಲ.

ಸಮಯ ಹೆಚ್ಚು ಸಿಕ್ಕಿದ ದಿನ ಲಾಲ್‌ಬಾಗ್. ಕೆಂಪೇಗೌಡ ಗೋಪುರವಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಹತ್ತು ನಿಮಿಷ ಕೂತು ಎದ್ದರೆ ವಾರದ ಧಾವಂತ ಕೆಳಗಿಳಿಯುತ್ತದೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ, ಎಂದರೆ ಜನವರಿ ಮತ್ತು ಆಗಸ್ಟಿನಲ್ಲಿ, ಆ ಕಡೆ ತಲೆ ಹಾಕುವುದಿಲ್ಲ.

ಮಕ್ಕಳ ಹತ್ತಿರ ಯಾರಿರುತ್ತಾರೆ ಎನ್ನುವುದು ಮುಂದಿನ ಪ್ರಶ್ನೆ. ಅತ್ತೆ ಊರಿಗೆ ಹೋದ ಮೇಲೆ ಕೆಳಮನೆಯ ಅಜ್ಜಿ. ಅವರು ಐದಕ್ಕೇ ಎದ್ದಿರುತ್ತಾರೆ. ರಾತ್ರಿ ಹತ್ತರವರೆಗೆ ಕೂರಿ ಎಂದರೆ ಕಷ್ಟ, ಬೆಳಿಗ್ಗೆ ಒಂದು ಗಂಟೆ ಎಂದರೆ ಸಲೀಸು. ನಮ್ಮ ಹಾಲಿನಲ್ಲಿ ಕೂತು ಬತ್ತಿ ಹೊಸೆಯುತ್ತಾರೆ. ಅವರ ಕರೆಂಟ್ ಬಿಲ್, ಬಿಪಿ ಮಾತ್ರೆ, ಫೋನ್ ರೀಚಾರ್ಜ್ ಎಲ್ಲ ಇವನ ಜವಾಬ್ದಾರಿ. ಅಜ್ಜಿ ಇಲ್ಲದವರು ಪಕ್ಕದ ಮನೆಯವರೊಡನೆ ಸರದಿ ಮಾಡಿಕೊಳ್ಳಬಹುದು. ನಮ್ಮ ಬೀದಿಯಲ್ಲೇ ಎರಡು ಮನೆಯವರು ಹಾಗೆ ಮಾಡುತ್ತಾರೆ, ಈ ವಾರ ಇವರು, ಮುಂದಿನ ವಾರ ಅವರು.

ಕದ್ದು ಹೋಗಬೇಡಿ. ಒಮ್ಮೆ ನಾವಿಲ್ಲದಾಗ ಮಗಳಿಗೆ ಎಚ್ಚರವಾಗಿ, ನಮ್ಮನ್ನು ಹುಡುಕಿ ಹುಡುಕಿ ಅತ್ತಿದ್ದಳು. ಅವಳ ಕಣ್ಣು ಊದಿದ್ದು ನೋಡಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಅಂದಿನಿಂದ ಶುಕ್ರವಾರ ರಾತ್ರಿಯೇ ಹೇಳಿ ಮಲಗಿಸುತ್ತೇವೆ: ನಾಳೆ ಅಪ್ಪ ಅಮ್ಮ ಕಾಫಿಗೆ ಹೋಗ್ತೀವಿ, ಎಚ್ಚರ ಆದ್ರೆ ಅಜ್ಜಿ ಇರ್ತಾರೆ, ನಿನಗೆ ಕೇಸರಿಬಾತ್ ತರ್ತೀವಿ. ಈಗ ಅವಳೇ ನೆನಪಿಸಿ ಡಬ್ಬಿ ತೆಗೆದಿಡುತ್ತಾಳೆ.

ಕೂಸು ತೀರಾ ಚಿಕ್ಕದಿದ್ದು, ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ? ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ್ದು, ಅಡುಗೆಮನೆಗೆ ಹೋಗಿ ಎಂದು. ಮಗು ಮಲಗಿದ ಮೇಲೆ ಹಾಲಿನ ಲೈಟ್ ಆರಿಸಿ, ಟಿವಿ ಹಾಕದೆ, ಒಂದು ಬಟ್ಟಲು ಮಂಡಕ್ಕಿಗೆ ಈರುಳ್ಳಿ, ಕ್ಯಾರೆಟ್, ಖಾರದಪುಡಿ, ಹಸಿ ಎಣ್ಣೆ ಕಲಸಿಕೊಂಡು ಒಂದೇ ಬಟ್ಟಲಿನಿಂದ ತಿನ್ನಿ. ಕಲಸುವುದು ಗಂಡನ ಕೆಲಸ. ಇಪ್ಪತ್ತು ನಿಮಿಷ ಸಾಕು. ನಡುವೆ ಮಗು ಎದ್ದರೆ ಎತ್ತಿಕೊಂಡು ಬಂದೇ ಮುಂದುವರಿಸಿ. ಒಂದು ವಾರ ತಪ್ಪಿದರೆ ಬೇಸರ ಬೇಡ. ಸಂಜೆಯ ದೊಡ್ಡ ಏರ್ಪಾಡು ತಪ್ಪಿದರೆ ಮನಸ್ಸು ಒಡೆಯುತ್ತದೆ, ಬಟ್ಟಲು ಮಂಡಕ್ಕಿ ನಾಳೆಯೂ ಆದೀತು.

ಹೋದ ಶನಿವಾರ ನಾವು ಬಂದಾಗ ಅಜ್ಜಿ ಬತ್ತಿಯ ತಟ್ಟೆ ಎತ್ತಿಕೊಳ್ಳುತ್ತಾ, "ಅಲ್ಲಿ ಹೋಗಿ ಏನು ಮಾತಾಡ್ತೀರಮ್ಮ?" ಎಂದು ಕೇಳಿದರು. ಹೀಗೇ ಏನೇನೋ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತುಂಬಿದ ಮನೆ ನಮ್ಮದು. ನಾನೂ ಯಜಮಾನರೂ ಎದುರುಬದುರು ಕೂತು ಕಾಫಿ ಕುಡಿದಿದ್ದು ಅವರು ರಿಟೈರ್ ಆದ ಮಾರನೇ ದಿನ."

"ಅವತ್ತು ಏನು ಮಾತಾಡಿದ್ರಿ ಅಜ್ಜಿ?"

"ನಿನಗೆ ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳಿದ್ರು."