ಹದಿನಾಲ್ಕು ಶೇಂಗಾ ಬೀಜ

ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಪ್ರಶ್ನಾವಳಿ ಹಿಡ್ಕೊಂಡು ಮನೆ ಮನೆ ತಿರುಗುವುದು ನನ್ನ ಕೆಲಸ. ಮನಸ್ಸಿನ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರಿಗೆ ನಾನು ಮಾಹಿತಿ ತಂದುಕೊಡುತ್ತೇನೆ. (ಇಲ್ಲಿ ಬರುವವರ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಮೊದಲ ವಾರ ದಿನಕ್ಕೆ ಹತ್ತು ಹನ್ನೆರಡು ಫಾರಂ ತುಂಬಿಸಿದೆ. ಒಂದರಲ್ಲೂ ಖಾಲಿ ಜಾಗ ಇರಲಿಲ್ಲ. ನಮ್ಮ ಮೇಲ್ವಿಚಾರಕಿ ಆ ಕಟ್ಟಿನಿಂದ ಒಂದು ಹಾಳೆ ಎಳೆದು ಎರಡು ಉತ್ತರಗಳ ಮೇಲೆ ಬೆರಳಿಟ್ಟರು. 'ನನ್ನಲ್ಲಿ ಒಳ್ಳೆಯ ಗುಣಗಳಿವೆ' ಅನ್ನುವುದಕ್ಕೂ ಒಪ್ಪಿಗೆ, 'ಹೆಮ್ಮೆಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ' ಅನ್ನುವುದಕ್ಕೂ ಒಪ್ಪಿಗೆ. ಅದು ಅಮೆರಿಕದ ಸಮಾಜಶಾಸ್ತ್ರಜ್ಞ ರೋಸೆನ್‌ಬರ್ಗ್ 1965ರಲ್ಲಿ ಕೊಟ್ಟ ಆತ್ಮಗೌರವದ ಅಳತೆ. ಅದರಲ್ಲಿ 10 ಹೇಳಿಕೆ, 5 ನೇರ, 5 ತಿರುವು, ಅಂದರೆ ತನ್ನನ್ನು ತಾನೇ ಕಡಿಮೆ ಮಾಡಿ ಹೇಳುವಂಥವು. ಸುಮ್ನೆ ಹೂಂ ಅಂದವರು ಈ ತಿರುವುಗಳಲ್ಲೇ ಗೊತ್ತಾಗುತ್ತಾರೆ. ನನ್ನ ಕಟ್ಟಿನಲ್ಲಿ ಅಂಥ ಹಾಳೆಗಳೇ ಜಾಸ್ತಿ ಇದ್ದವು.

ತಪ್ಪು ಅವರದ್ದಲ್ಲ. ನಮ್ಮ ಕಡೆ ಹೂಂ ಅಂದರೆ 'ಒಪ್ಪಿದೆ' ಅಂತಲೇ ಅಲ್ಲ, 'ಕೇಳಿಸ್ಕೊಂಡೆ, ಮುಂದೆ ಹೇಳು' ಅಂತಲೂ ಹೌದು. ನಾನು ಗಡಿಬಿಡಿಯಲ್ಲಿ ಓದುತ್ತಿದ್ದೆ, ಅವರು ಮರ್ಯಾದೆಗೆ ಹೂಂ ಅನ್ನುತ್ತಿದ್ದರು. ಅದಕ್ಕೆಲ್ಲ ನಾನು ಟಿಕ್ ಹಾಕಿದ್ದೆ.

ಇನ್ನೊಂದು ಪ್ರಶ್ನಾವಳಿಯನ್ನು ನಮ್ಮ ತಂಡವೇ ಕನ್ನಡಕ್ಕೆ ತಂದಿತ್ತು. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ. ಮೂಲವೂ ಹೀಗೆ ಮರಳಿ ಬಂದ ಇಂಗ್ಲಿಷೂ ಚೆನ್ನಾಗಿ ಹೊಂದಿಕೊಂಡವು. 'ನಿಮಗೆ ಬೇಸರ ಆಗುತ್ತಿದೆಯಾ' ಅನ್ನುವ ಸಾಲಿನ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. ಒಬ್ಬ ಅಜ್ಜಿ 'ಇಲ್ಲ' ಅಂದರು. ಅಷ್ಟು ಹೊತ್ತಿಗೆ ನಾನು ಬುದ್ಧಿ ಕಲಿತಿದ್ದೆ. "ಅಜ್ಜಿ, ನಾನು ಏನು ಕೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ" ಅಂದೆ. "ಯಾರ ಮೇಲಾದ್ರೂ ಬ್ಯಾಸರ ಐತಾ ಅಂದೆಲ್ಲವ್ವ. ಯಾರ ಮೇಲೂ ಇಲ್ಲ. ಸೊಸೆ ಚೆನ್ನಾಗೇ ನೋಡ್ಕಂತಾಳೆ."

ಬೇಸರ ಅಂದರೆ ದುಃಖ, ಬೇಸರ ಅಂದರೆ ಹೊತ್ತು ಹೋಗದಿರುವುದು, ಬೇಸರ ಅಂದರೆ ಮುನಿಸು. ಓದಿಕೊಂಡ ಇಬ್ಬರು ಅನುವಾದಕರ ಕಿವಿಗೆ ಅದು ದುಃಖ ಅಂತಲೇ ಕೇಳಿಸಿತ್ತು. ಅಜ್ಜಿಗೆ ಮುನಿಸು ಅಂತ ಕೇಳಿಸಿತು. ಆಮೇಲೆ ಪ್ರತಿ ಹೊಸ ಪ್ರಶ್ನಾವಳಿಯನ್ನೂ ಮೊದಲು ಊರಿನ ಕೆಲವರ ಹತ್ತಿರ ಹೀಗೆ ಹೇಳಿಸಿ ನೋಡುತ್ತೇವೆ. ಇದಕ್ಕೆ ಟೈಮ್ ಹಿಡಿಯುತ್ತದೆ. ಅದನ್ನು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ.

ಈ ವರ್ಷ ಬಿತ್ತನೆಗೆ ಮುಂಚೆ ನಮ್ಮ ಕೈಯಲ್ಲಿದ್ದದ್ದು ಪಿಎಚ್‌ಕ್ಯೂ-9. ಇದು 2001ರಲ್ಲಿ ಪ್ರಕಟವಾದ, ಖಿನ್ನತೆಯ ಲಕ್ಷಣ ಅಳೆಯುವ 9 ಪ್ರಶ್ನೆಗಳು. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಹೀಗಾಯ್ತು ಅಂತ ಕೇಳಬೇಕು. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಮ್ಮಿ ದಿನಾಲೂ 3. ಒಟ್ಟು ಹೆಚ್ಚೆಂದರೆ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ನೋಡಬೇಕು ಅಂತ ಅರ್ಥ, ಕಾಯಿಲೆ ಇದೆ ಅಂತ ತೀರ್ಪಲ್ಲ.

ಅಕ್ಕ ಒಬ್ಬರು ಪಡಸಾಲೆಯಲ್ಲಿ ಕೂತು ಬೀಜಕ್ಕೆ ಶೇಂಗಾ ಬಿಡಿಸುತ್ತಿದ್ದರು. ಅತ್ತೆ ಪಕ್ಕದಲ್ಲೇ ಇದ್ದರು. 'ಅರ್ಧಕ್ಕಿಂತ ಹೆಚ್ಚು ದಿನ' ಅಂದಾಗ ಅಕ್ಕ ನನ್ನ ಮುಖ ನೋಡಿದರು. ಮೊರದಿಂದ 14 ಬೀಜ ಎಣಿಸಿ ನೆಲದ ಮೇಲೆ ಸಾಲಾಗಿ ಇಟ್ಟೆ. "ಎರಡು ಸಂತೆ ಕಳೀತಲ್ಲ ಅಕ್ಕಾ, ಅಷ್ಟು ದಿನ ಇವು. ಇದರಲ್ಲಿ ಎಷ್ಟು ದಿನ ನಿದ್ದೆ ಬರಲಿಲ್ಲ?" ಅವರು ಒಂದೊಂದೇ ಬೀಜ ಪಕ್ಕಕ್ಕೆ ಸರಿಸಿದರು. 9 ಬೀಜ. 2 ಅಂತ ಬರೆದೆ. ಪ್ರಶ್ನೆಯ ಮಾತು, ಅಂಕ ಯಾವುದನ್ನೂ ಬದಲಿಸಿರಲಿಲ್ಲ. ಬೀಜ ಬಳಸಿದ್ದನ್ನು ಮಾತ್ರ ಫಾರಂನಲ್ಲೇ ಬರೆದೆ, ಮೇಲ್ವಿಚಾರಕಿಗೂ ತಿಳಿಸಿದೆ.

ಒಂಬತ್ತನೆಯ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಅನ್ನಿಸುವುದರ ಬಗ್ಗೆ. ಅದನ್ನು ಅತ್ತೆಯ ಎದುರು ಕೇಳಿದರೆ ಬರುವ ಉತ್ತರ ಒಂದೇ. ಪೆನ್ನು ಮುಚ್ಚಿ, ನೀರು ಕೇಳಿ ಕುಡಿದೆ, ಮಳೆ ಬಗ್ಗೆ ಮಾತಾಡಿದೆ. ನಲ್ಲಿಗೆ ನೀರು ಬಂತು ಅಂತ ಅತ್ತೆ ಕೊಡ ಎತ್ಕೊಂಡು ಹೊರಗೆ ಹೋದರು. ಆಗ ಕೇಳಿದೆ.

ಅಕ್ಕ ಬಾಯಿ ಬಿಡಲಿಲ್ಲ. ಮೂರು ಬೀಜ ನನ್ನ ಕಡೆ ಸರಿಸಿದರು.

ಫಾರಂ ಮಡಚಿ ಚೀಲಕ್ಕೆ ಹಾಕಿದೆ. ಇಂಥ ಉತ್ತರ ಬಂದರೆ ಏನು ಮಾಡಬೇಕು ಅಂತ ಮೊದಲೇ ಗೊತ್ತಿಲ್ಲದೆ ಈ ಪ್ರಶ್ನೆ ಕೇಳುವುದೇ ತಪ್ಪು ಅಂತ ನಾನು ನಂಬಿದ್ದೇನೆ. ಈಗಲೂ ಹಾಗೆ ಅನ್ನಿಸುತ್ತಾ ಅಂತ ಕೇಳಿದೆ, ಅವರು ಹೇಳಿದಷ್ಟನ್ನೂ ಕೇಳಿಸ್ಕೊಂಡೆ. ಅವರು ಒಪ್ಪಿದ ಮೇಲೆ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಅಲ್ಲೇ ಕೂತು ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಚ್ಚಿ ಕೊಟ್ಟೆ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾರನೇ ದಿನ ಆಸ್ಪತ್ರೆಗೆ ಹೋಗಲು ಜೊತೆ ಬರುತ್ತೇನೆ ಅಂದೆ.

ನಾನು ಹೊರಡುವಾಗ, ಅಷ್ಟು ಹೊತ್ತು ಮೇಡಂ ಅನ್ನುತ್ತಿದ್ದ ಅಕ್ಕ "ನಾಳೆ ಬಾ ತಂಗಿ" ಅಂದರು. ಮಾರನೇ ದಿನ ಎಂಟು ಗಂಟೆ ಬಸ್ಸಿಗೆ ಇಬ್ಬರೂ ಹೊರಟೆವು.