ಒರಟು ಗಟ್ಟಿಮರಕ್ಕೆ ಯಾವ ಹತ್ತರಿ ಬ್ಲೇಡ್?

ಗರಗಸದಿಂದ ಇಳಿದ ಗಟ್ಟಿಮರದ ಹಲಗೆಯನ್ನು ಕೈಹತ್ತರಿಯಲ್ಲೇ ಸಮ ಮಾಡಹೊರಟವರು ಮೊದಲು ಕೇಳುವುದು ಬ್ಲೇಡಿನ ಉಕ್ಕಿನ ಬಗ್ಗೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅಲಗಿನ ಆಕಾರ. ನೇರ ಅಲಗನ್ನು ಅರ್ಧ ಮಿ.ಮೀ. ಇಳಿಸಿ ತಳ್ಳಿ ನೋಡಿ: ಎರಡೂ ಮೂಲೆ ಮರಕ್ಕೆ ಕಚ್ಚಿಕೊಳ್ಳುತ್ತವೆ, ಹತ್ತರಿ ಅಲ್ಲೇ ನಿಲ್ಲುತ್ತದೆ. ಅಲಗು ಕಮಾನಾಗಿರಬೇಕು.

ಐದನೇ ನಂಬರಿನ ಜ್ಯಾಕ್ ಹತ್ತರಿಯ (ಒರಟು ಕೆಲಸಕ್ಕೆ ಬಳಸುವ ಮಧ್ಯಮ ಉದ್ದದ ಹತ್ತರಿ) 50 ಮಿ.ಮೀ. ಬ್ಲೇಡಿಗೆ 200 ಮಿ.ಮೀ. ತ್ರಿಜ್ಯದ ಕಮಾನು ಕೊಟ್ಟರೆ ಮೂಲೆಗಳು ನಡುವಿಗಿಂತ ಸುಮಾರು ಒಂದೂವರೆ ಮಿ.ಮೀ. ಹಿಂದೆ ಸರಿಯುತ್ತವೆ. ಆಗ ಅರ್ಧ ಮಿ.ಮೀ. ಇಳಿಸಿದರೂ ಬರುವ ಸಿಪ್ಪೆಯ ಅಗಲ 28 ಮಿ.ಮೀ. ಅಷ್ಟೇ, ತೋಳು ತಡೆದುಕೊಳ್ಳುತ್ತದೆ. ಸ್ಕ್ರಬ್ ಹತ್ತರಿಯ (ದಪ್ಪವಾಗಿ ಮರ ಕೆತ್ತಲೆಂದೇ ಇರುವ ಹತ್ತರಿ) 75 ಮಿ.ಮೀ. ತ್ರಿಜ್ಯ ಇನ್ನೂ ಬೇಗ ಮರ ತೆಗೆಯುತ್ತದೆ. ಆದರೆ ಅದು ಬಿಡುವ ಆಳದ ಗೀರುಗಳನ್ನು ಅಳಿಸುವುದೇ ಇನ್ನೊಂದು ಕೆಲಸ. ಮೂರು ನಾಲ್ಕು ಮಿ.ಮೀ. ತೆಗೆಯುವುದಿದ್ದರೆ ಮಾತ್ರ ಅದು ಬೇಕು.

ಕಮಾನು ಮಾಡುವಾಗ ಬ್ಲೇಡಿನ ಚಪ್ಪಟೆ ಬೆನ್ನಿನ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿ, ಬ್ಲೇಡನ್ನು ಗ್ರೈಂಡರ್ ಚಕ್ರಕ್ಕೆ ನೇರವಾಗಿ ಹಿಡಿದು ಗೆರೆಯವರೆಗೆ ಮೊಂಡಾಗಿಯೇ ತೇಯಿರಿ. ಇಳಿಜಾರು ಆಮೇಲೆ, 25 ಡಿಗ್ರಿಗೆ. ಮೊದಲೇ ಇಳಿಜಾರಿನಲ್ಲಿ ತೇಯ್ದರೆ ತೆಳು ತುದಿ ಕಾದು ನೀಲಿಯಾಗುತ್ತದೆ. ಕಾರ್ಬನ್ ಉಕ್ಕಾದರೆ ಆ ಭಾಗದ ಹದ ಹೋದಂತೆಯೇ. ಪದೇ ಪದೇ ನೀರಿಗೆ ಅದ್ದುತ್ತಿರಿ. ಕೊನೆಗೆ ಸಾಣೆಕಲ್ಲಿನ ಮೇಲೆ ಬ್ಲೇಡನ್ನು ಆಚೀಚೆ ವಾಲಿಸುತ್ತಾ 30 ಡಿಗ್ರಿಗೆ ಮಸೆಯಿರಿ.

ಚಿಪ್‌ಬ್ರೇಕರ್ (ಬ್ಲೇಡಿನ ಮೇಲೆ ಕೂರಿಸಿ ಸಿಪ್ಪೆಯನ್ನು ಮುರಿಯುವ ಲೋಹದ ಪಟ್ಟಿ) ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಅದರ ಅಂಚು ನೇರ, ಅಲಗು ಕಮಾನು. ಅಲಗಿನ ನಡುಭಾಗದ ತುದಿಯಿಂದ ಅರ್ಧ ಮಿ.ಮೀ. ಬಿಟ್ಟು ಕೂರಿಸಿದರೆ ಮೂಲೆಗಳಲ್ಲಿ ಅದು ಅಲಗಿಗಿಂತ ಮುಂದೆ ಚಾಚಿಕೊಂಡಿರುತ್ತದೆ. ಎರಡು ಮಿ.ಮೀ. ಹಿಂದಕ್ಕೆ ಎಳೆಯಿರಿ. ಫ್ರಾಗನ್ನೂ (ಬ್ಲೇಡ್ ಒರಗುವ ಇಳಿಜಾರು ಪೀಠ) ಹಿಂದೆ ಸರಿಸಿ ಹತ್ತರಿಯ ಬಾಯಿ, ಅಂದರೆ ಬ್ಲೇಡ್ ಹೊರಬರುವ ಸೀಳು, ಅಗಲಿಸಿ, ಇಲ್ಲದಿದ್ದರೆ ದಪ್ಪ ಸಿಪ್ಪೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಉಕ್ಕು. ಒರಟು ಹಲಗೆಯ ಮೈಮೇಲಿನ ಮಣ್ಣು, ಮರಳು ಯಾವ ಅಲಗನ್ನೂ ಬಿಡುವುದಿಲ್ಲ. ಮೊದಲು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಬ್ಲೇಡಿಗೆ ಬಳಸುವ ಉಕ್ಕುಗಳಲ್ಲಿ ಓ1 ಎಂಬುದು ಬೇಗ ಮಸೆಯುತ್ತದೆ, ಈ ಕೆಲಸಕ್ಕೆ ನನ್ನ ಆಯ್ಕೆ ಅದೇ. ಎ2 ಎಂಬ ಇನ್ನೊಂದು ಉಕ್ಕು ಹೆಚ್ಚು ಹೊತ್ತು ಬಾಳುತ್ತದೆ, ಆದರೆ 25 ಡಿಗ್ರಿಯಲ್ಲೇ ಬಿಟ್ಟರೆ ಗಟ್ಟಿಮರಕ್ಕೆ ಅದರ ಅಂಚು ಚೂರುಚೂರಾಗಿ ಉದುರಬಹುದು. ಹತ್ತರಿಯ ಜತೆ ಬಂದ ತೆಳು ಬ್ಲೇಡೂ ಸಾಕು. ದಪ್ಪ ಬ್ಲೇಡ್ ಅದುರುವುದು ಕಡಿಮೆ, ಆದರೆ ಕೊಳ್ಳುವ ಮೊದಲು ನಿಮ್ಮ ಹತ್ತರಿಯ ಬಾಯಿಗೆ ಹಿಡಿಯುತ್ತದೆಯೇ ಎಂದು ಅಳೆದು ನೋಡಿ.

ಹತ್ತರಿಯನ್ನು ಎಳೆಗೆ ಅಡ್ಡಲಾಗಿ ಹೊಡೆಯಿರಿ. ಅದಕ್ಕೂ ಮೊದಲು ಆಚೆ ಬದಿಯ ಅಂಚನ್ನು ಸ್ವಲ್ಪ ಓರೆಯಾಗಿ ಕೆತ್ತಿಡಿ, ಇಲ್ಲದಿದ್ದರೆ ಅಲ್ಲಿ ಮರ ಸಿಗಿದುಹೋಗುತ್ತದೆ.